ನನ್ನ ಹೊಟ್ಟೆಯ ಗಾಯ ಮತ್ತು ಬಂಗುಡೆಯ ವಿಷಯವಾಗಿ ನಂಜು ಅವರಿಗೆ

ಕಾಪುವಿನಿಂದ ಕಾರ್ಕಳದವರೆಗಿನ ಸಮಸ್ತ ಗಾಯ, ಹುಣ್ಣು, ಕುರು ಹಾಗೂ ಹೊಲಿಗೆಗಳ ಮೇಲೆ ತಲೆತಲಾಂತರದಿಂದ ಅಧಿಕಾರ ನಡೆಸಿಕೊಂಡು ಬಂದಿರುವ, ಯಾರ ಕಣ್ಣಿಗೂ ಬೀಳದಿದ್ದರೂ ಎಲ್ಲರ ಅಡುಗೆಮನೆಯಲ್ಲಿಯೂ ಮೊದಲ ಮಣೆ ಹಾಕಿಸಿಕೊಳ್ಳುವ, ಪರಮ ಗೌರವಾನ್ವಿತರಾದ ನಂಜು ಅವರ ಸನ್ನಿಧಾನಕ್ಕೆ, ಕಾಪು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ದೇವದಾಸನು, ಹೊಟ್ಟೆಗೆ ಬಿಗಿದ ಬೆಲ್ಟಿನ ದೆಸೆಯಿಂದ ಬಗ್ಗಲಾರದೆ, ನಿಂತಲ್ಲಿಂದಲೇ ಕೈಮುಗಿದು ಬರೆದುಕೊಳ್ಳುವ ದೂರು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೆ ಕ್ಷೇಮಕ್ಕೆ ಕೊರತೆಯಾಗುವ ಕಾರಣವೂ ನನಗೆ ಕಾಣುವುದಿಲ್ಲ, ಏಕೆಂದರೆ ಈ ಸೀಮೆಯಲ್ಲಿ ಸರಕಾರದ ಆಜ್ಞೆಯನ್ನು ಮೀರಿದವರಿದ್ದಾರೆ, ಡಾಕ್ಟರರ ಮಾತನ್ನು ಮೀರಿದವರಂತೂ ಮನೆಗೊಬ್ಬರಿದ್ದಾರೆ, ಆದರೆ ತಮ್ಮ ಮಾತನ್ನು ಮೀರಿದವರನ್ನು ನಾನು ಇದುವರೆಗೆ ಕಂಡಿರಲಿಲ್ಲ. ಗಾಯವಾದವನು ಬಂಗುಡೆ ಮೀನು ತಿಂದರೆ ನಂಜು, ಮೊಟ್ಟೆ ತಿಂದರೆ ನಂಜು, ಬದನೆ, ಕುಂಬಳ, ಉದ್ದು ಯಾವುದನ್ನು ಮುಟ್ಟಿದರೂ ನಂಜು, ಮುಟ್ಟಿದ ಮರುದಿನ ಗಾಯ ಕೀವಾಗಿ ಹೊಲಿಗೆ ಬಿಚ್ಚಿಕೊಳ್ಳುತ್ತದೆ ಎಂಬ ತಮ್ಮ ಕಾನೂನನ್ನು ನಾವು ಅಕ್ಷರ ಕಲಿಯುವ ಮೊದಲೇ ಕಲಿತವರು. ತಮ್ಮ ಕಚೇರಿ ಎಲ್ಲಿದೆಯೆಂದು ವಿಚಾರಿಸಿದೆ. ಉಡುಪಿಯಲ್ಲಿ ಕೇಳಿದರೆ ಹಳಬರಿಗೆ ಗೊತ್ತು ಎಂದರು, ಹಳಬರನ್ನು ಕೇಳಿದರೆ ನಮ್ಮ ಅಜ್ಜಿಗೆ ಗೊತ್ತಿತ್ತು ಎಂದರು. ಅಜ್ಜಿಯಂದಿರು ಇರುವ ಜಾಗಕ್ಕೆ ಅಂಚೆ ಹೋಗುವುದಿಲ್ಲವಾದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯಬೇಕಾಯಿತು.

ನನ್ನೊಬ್ಬನ ಗಾಯದ ಸಂಗತಿಯಾಗಿದ್ದರೆ ತಮ್ಮಂಥ ದೊಡ್ಡವರ ಸಮಯ ಹಾಳುಮಾಡುತ್ತಿರಲಿಲ್ಲ. ನನ್ನ ಹೆಂಡತಿ ವಿನೋದಾಳ ಗರ್ಭಕೋಶದಲ್ಲಿ ಗಡ್ಡೆಯಿದೆ. ತಿಂಗಳುಗಟ್ಟಲೆ ರಕ್ತ ಹೋಗಿ ಹೋಗಿ ಅವಳು ತೊಳೆದಿಟ್ಟ ಬಟ್ಟೆಯ ಹಾಗೆ ಬಿಳಿಚಿಕೊಂಡಿದ್ದಾಳೆ, ಅಂಗಡಿಯ ಮೆಟ್ಟಿಲು ಹತ್ತಿದರೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಾಳೆ. ಆಪರೇಷನ್ ಆಗಲೇಬೇಕು ಎಂದು ಮಣಿಪಾಲದಲ್ಲಿ ಹೇಳಿಯಾಗಿತ್ತು. ಅಷ್ಟರಲ್ಲಿ ನನ್ನ ಹೊಕ್ಕುಳಿನ ಹರ್ನಿಯಾ ಮುಂದೆ ನುಗ್ಗಿ ಸರದಿ ತಪ್ಪಿಸಿತು. "ಮೊದಲು ನಿಮ್ಮದು ಆಗಲಿ. ನಿಮ್ಮ ಗಾಯ ಒಣಗಲಿ, ಮತ್ತೆ ನನ್ನದು ನೋಡುವ" ಎಂದಳು ವಿನೋದಾ. ನಾವು ಮನೆಯಲ್ಲಿ ಆಡುವುದು ತುಳು. ತಮ್ಮ ಕಡತಕ್ಕೆ ಅನುಕೂಲವಾಗಲೆಂದು ಎಲ್ಲರ ಮಾತನ್ನೂ ಕನ್ನಡದಲ್ಲಿ ಬರೆದಿದ್ದೇನೆ. ಒಟ್ಟಿನಲ್ಲಿ ನನ್ನ ಗಾಯ ಒಣಗುವುದರ ಮೇಲೆ ಅವಳ ಜೀವ ನಿಂತಿತ್ತು ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು, ಏಕೆಂದರೆ ತಾವು ಆಗ ಗಮನಿಸಿದಂತೆ ಕಾಣಲಿಲ್ಲ.

ನನ್ನ ದೇಹದ ಬಗ್ಗೆ ನಾನೇ ಹೇಳಿಬಿಡುವುದು ಒಳ್ಳೆಯದು. ನಾನು ದಪ್ಪ. ಮೈ ತುಂಬಿಕೊಂಡಿದ್ದಾರೆ, ನೋಡಲಿಕ್ಕೆ ಲಕ್ಷಣವಾಗಿದ್ದಾರೆ ಎಂದು ನೆರೆಹೊರೆಯವರು ಹೇಳುತ್ತಿದ್ದ ಕಾಲ ದಾಟಿ ಬಹಳ ವರ್ಷವಾಯಿತು. ಊರವರ ಸೊಂಟ ಅಳೆಯುವ ನನ್ನ ಟೇಪನ್ನು ನನಗೆ ಸುತ್ತಿದರೆ ತುದಿಯಲ್ಲಿ ಉಳಿಯುವುದು ಹಿಡಿದುಕೊಳ್ಳಲಿಕ್ಕೆ ಬೇಕಾದಷ್ಟು ಮಾತ್ರ. ಬೆಳಿಗ್ಗೆ ಮೆಷಿನ್ನಿನ ಮುಂದೆ ಕೂತವನು ಊಟಕ್ಕೆ ಏಳುವುದು, ಊಟ ಮಾಡಿ ಕೂತವನು ಎದುರಿನ ಹೋಟೆಲಿನಲ್ಲಿ ಎಣ್ಣೆಯಲ್ಲಿ ಕರಿಯುವ ಗೋಳಿಬಜೆಯ ವಾಸನೆಗೆ ಏಳುವುದು, ಇದಲ್ಲದೆ ಬೇರೆ ವ್ಯಾಯಾಮ ನನ್ನ ವೃತ್ತಿಯಲ್ಲಿ ಇರಲಿಲ್ಲ. ಇಂಥ ಹೊಟ್ಟೆಯನ್ನು ಡಾಕ್ಟರ್ ಹೆರಾಲ್ಡ್ ಅವರು ಕೊಯ್ದು, ಒಳಗಿನದನ್ನು ಒಳಗೆ ಕಳಿಸಿ, ನನಗೇ ಅಸೂಯೆಯಾಗುವಷ್ಟು ಚೊಕ್ಕವಾಗಿ ಹೊಲಿದು ಮನೆಗೆ ಕಳಿಸಿದರು. ಅಲ್ಲಿಯವರೆಗೆ ಎಲ್ಲವೂ ಸುಸೂತ್ರವಾಗಿತ್ತು, ಏಕೆಂದರೆ ಅಲ್ಲಿಯವರೆಗೆ ತಮಗೆ ಸುದ್ದಿ ಮುಟ್ಟಿರಲಿಲ್ಲ.

ತಮ್ಮ ಪ್ರತಿನಿಧಿಯಾಗಿ ಬಂದವರು ನನ್ನ ಅಕ್ಕ ವಾರಿಜಕ್ಕ. ಕಾರ್ಕಳದಲ್ಲಿ ಬಸ್ಸು ಹತ್ತಿ, ಪಡುಬಿದ್ರಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು, ಒಂದು ಕೈಯಲ್ಲಿ ಕುಚ್ಚಲಕ್ಕಿಯ ಚೀಲ, ಇನ್ನೊಂದು ಕೈಯಲ್ಲಿ ತುಪ್ಪದ ಬಾಟಲಿ ಹಿಡಿದುಕೊಂಡು ಅಕ್ಕ ಅಂಗಳಕ್ಕೆ ಕಾಲಿಟ್ಟಾಗಲೇ ನಮ್ಮ ಅಡುಗೆಮನೆಯಲ್ಲಿ ತಮ್ಮ ಆಡಳಿತ ಜಾರಿಗೆ ಬಂತು. ಅಮ್ಮ ತೀರಿಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಸಾಕಿದವಳು ಅಕ್ಕ. ಅವಳೆದುರು ನನಗೆ ಇವತ್ತಿಗೂ ಬಾಯಿಲ್ಲ. "ದೇವು, ಬಂಗುಡೆಯ ಹೆಸರು ಎತ್ತಬೇಡ. ನಂಜಾಗಿ ಹೊಲಿಗೆ ಬಿಟ್ಟರೆ ಎಂತ ಮಾಡುವುದು ಮತ್ತೆ?" ಎಂದು ಹೇಳಿ, ವಿನೋದಾ ಆಗಲೇ ಉಪ್ಪುಖಾರ ಹಚ್ಚಿಟ್ಟಿದ್ದ ಮೀನನ್ನು ತಟ್ಟೆಸಮೇತ ನೆರೆಮನೆಗೆ ದಾಟಿಸಿದಳು. ಮೊಟ್ಟೆ ಹೋಯಿತು, ಕೋಳಿ ಹೋಯಿತು, ತೊಗರಿಬೇಳೆಯೂ ಸಂಶಯದ ಮೇಲೆ ಹೋಯಿತು. ನಮ್ಮದೇ ಪಕ್ಕದ ಮಟ್ಟುವಿನ ಗುಳ್ಳ, ಊರಿಗೆಲ್ಲ ಹೆಸರು ತಂದ ಬದನೆ, ಅದನ್ನೂ ತಾವು ಬಿಡಲಿಲ್ಲ.

ಉಳಿದದ್ದು ಗಂಜಿ. ಬೆಳಿಗ್ಗೆ ತುಪ್ಪ ಹಾಕಿದ ಗಂಜಿ, ಮಧ್ಯಾಹ್ನ ಗಂಜಿಗೆ ತುಪ್ಪ, ಸಂಜೆ ಬಾಯಿ ಚಪ್ಪೆಯಾದೀತೆಂದು ರವೆಯ ಶಿರಾ, ರಾತ್ರಿ ಹೊಟ್ಟೆ ತಂಪಾಗಿರಲೆಂದು ಮತ್ತೆ ಗಂಜಿ. ನಡುವೆ ನನ್ನನ್ನು ನೋಡಲು ಬಂದವರು ತಂದ ಬ್ರೆಡ್ಡು, ರಸ್ಕು, ಹಾಲಿಗೆ ಹಾಕುವ ಶಕ್ತಿಯ ಪುಡಿ. ತಂದದ್ದನ್ನು ರೋಗಿ ಅವರ ಎದುರಿನಲ್ಲಿಯೇ ಸ್ವಲ್ಪ ತಿಂದರೆ ಬಂದವರಿಗೆ ಸಂತೋಷ. ನಾನು ಯಾರಿಗೂ ಬೇಸರ ಮಾಡಿದವನಲ್ಲ. ಸ್ನಾನ ಬೇಡ, ನೀರು ತಾಗಿದರೆ ನಂಜು, ನಡೆಯಬೇಡ, ಅಲುಗಾಡಿದರೆ ನಂಜು ಎಂದು ಅಕ್ಕ ಮಂಚದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಳು. ಪಥ್ಯ ಎಂಬ ಹೆಸರಿನಲ್ಲಿ ಇಷ್ಟೊಂದು ತಿಂದದ್ದು ನನ್ನ ಆಯುಷ್ಯದಲ್ಲಿಯೇ ಮೊದಲು, ಮತ್ತು ಅದಕ್ಕಾಗಿ ತಮಗೆ ನಾನು ಋಣಿ.

ಪರಿಣಾಮವನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಹೊಲಿಗೆ ಬಿಚ್ಚಿಸಿಕೊಂಡು ಬಂದು ಕೆಲವು ದಿನವಾಗುವಷ್ಟರಲ್ಲಿ ನಾನು ಮೊದಲಿಗಿಂತ ದಪ್ಪಗಾಗಿದ್ದೆ, ಗಾಯ ಮಾತ್ರ ಸೊರಗಿ ಕೂತಿತ್ತು. ಒಂದು ಬೆಳಿಗ್ಗೆ ಸೀನು ಬಂತು. ಸೀನಿದೆ. ಗಾಯದ ಕೆಳತುದಿ ಬಾಯಿ ಬಿಟ್ಟು ನೀರು ಸುರಿಸತೊಡಗಿತು. ದಪ್ಪಗಾದ ಮೇಲೂ ಮದುವೆಯ ಕಾಲದ ರವಿಕೆಯೇ ಬೇಕು ಎನ್ನುವ ಗಿರಾಕಿಗಳಿಗೆ ನಾನು ಎಷ್ಟು ಉಪದೇಶ ಮಾಡಿದ್ದೆನೋ ಅಷ್ಟೂ ಆ ಕ್ಷಣದಲ್ಲಿ ನೆನಪಾಯಿತು. ಪಥ್ಯದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲವಾದ್ದರಿಂದ ಅಕ್ಕ ಚಿಂತೆಗೆ ಬಿದ್ದಳು, ಕೊನೆಗೆ ನೆರೆಮನೆಯಲ್ಲಿ ಮೀನು ಹುರಿದ ವಾಸನೆ ನನ್ನ ಮೂಗಿಗೆ ಬಡಿದದ್ದರಿಂದಲೇ ಹೀಗಾಯಿತೆಂದು ತೀರ್ಮಾನಿಸಿ, ನನ್ನ ಕೋಣೆಯ ಕಿಟಕಿಯನ್ನು ಮುಚ್ಚಿಸಿದಳು. ವಾಸನೆಯ ಮೂಲಕವೂ ಕಾರ್ಯಾಚರಣೆ ನಡೆಸಬಲ್ಲ ತಮ್ಮ ಸಾಮರ್ಥ್ಯಕ್ಕೆ ನಾನು ತಲೆದೂಗಿದೆ. ಆದರೆ ಬ್ಯಾಂಡೇಜು ಬದಲಿಸಲು ಬಂದ ವಿನೋದಾ ಆ ಬಾಯಿಬಿಟ್ಟ ಗಾಯವನ್ನು ನೋಡಿ ಗೋಡೆಗೆ ಒರಗಿ ನಿಂತಳು. "ನನಗೆ ಬೇಡ. ಕೈಯಗಲದ ಗಾಯಕ್ಕೆ ನಿಮಗೆ ಹೀಗೆ ಆದರೆ ನನಗೆ ಎಂತ ಗತಿ? ನಾನು ಹೀಗೆಯೇ ಇರ್ತೇನೆ" ಎಂದಳು. ಮಾನ್ಯರೇ, ಅವತ್ತು ನನಗೆ ನಗು ಬರಲಿಲ್ಲ.

ಮರುದಿನ ಮೂವರೂ ಮಣಿಪಾಲಕ್ಕೆ ಹೋದೆವು. ಡಾಕ್ಟರ್ ಹೆರಾಲ್ಡ್ ಗಾಯ ನೋಡಿದರು, ತೊಳೆದರು, ಮತ್ತೆ ಕಟ್ಟಿದರು, ಒಮ್ಮೆಯೂ ನಂಜು ಎಂಬ ತಮ್ಮ ಹೆಸರು ಹೇಳಲಿಲ್ಲ. ಅವರು ಹೇಳಿದ ಹೆಸರುಗಳೆಲ್ಲ ನನ್ನ ಹೊಟ್ಟೆಯೊಳಗಿನವರದ್ದೇ ಆಗಿದ್ದವು. "ಕೊಬ್ಬಿನಲ್ಲಿ ರಕ್ತನಾಳ ಕಡಿಮೆ ದೇವದಾಸರೇ. ಗಾಯಕ್ಕೆ ಬೇಕಾದದ್ದೆಲ್ಲ ರಕ್ತದಲ್ಲೇ ಬರಬೇಕು ಅಲ್ವಾ? ದಾರಿಯೇ ಇಲ್ಲದಿದ್ದರೆ ಹೇಗೆ ಬರುವುದು?" ಎಂದರು. ಹೊಟ್ಟೆಯ ಭಾರ ಎರಡೂ ಕಡೆಯಿಂದ ಗಾಯದ ಅಂಚನ್ನು ಎಳೆಯುತ್ತಲೇ ಇರುತ್ತದೆ, ನಮ್ಮ ಸೆಖೆಗೆ ಹೊಟ್ಟೆಯ ಮಡಿಕೆಯ ಸಂದಿ ಒದ್ದೆಯಾಗಿಯೇ ಉಳಿದು ರೋಗಾಣುಗಳಿಗೆ ಮನೆ ಕಟ್ಟಲು ಜಾಗವಾಗುತ್ತದೆ, ತೊಳೆಯದೆ ಬಿಟ್ಟರೆ ಇನ್ನೂ ಅನುಕೂಲ, ಮೇಲಿಂದ ಸಕ್ಕರೆಯ ಅಂಶವೂ ಏರಿದೆ ಎಂದು ವಿವರಿಸಿದರು. ಮೈಯಲ್ಲಿ ಇಷ್ಟೊಂದು ದಾಸ್ತಾನು ಇರುವಾಗ ಗಾಯ ಅದರಿಂದಲೇ ತನಗೆ ಬೇಕಾದದ್ದನ್ನು ತೆಗೆದುಕೊಳ್ಳಬಾರದೇ ಎಂದು ನಾನು ಕೇಳಿದೆ. "ಗೋಡೆ ಕಟ್ಟಲಿಕ್ಕೆ ಕಲ್ಲು ಬೇಕು ಮಾರಾಯ್ರೇ. ನಿಮ್ಮ ಉಗ್ರಾಣದಲ್ಲಿ ಬರೀ ಎಣ್ಣೆ ಡಬ್ಬ ಉಂಟು" ಎಂದುಬಿಟ್ಟರು. ಮತ್ತೆ ಎಂತ ತಿನ್ನುತ್ತಿದ್ದೀರಿ ಎಂದು ಕೇಳಿದರು. ಗಂಜಿ ಎಂದೆ. ಅದರ ಜೊತೆಗೆ ಎಂದರು. ತುಪ್ಪ ಎಂದೆ.

ಇಷ್ಟಾದ ಮೇಲೆ ಮೀನು, ಮೊಟ್ಟೆ, ಬೇಳೆ ಇವೇ ಆ ಕಲ್ಲುಗಳು, ಇವತ್ತಿನಿಂದಲೇ ತಿನ್ನಬೇಕು ಎಂದು ಅವರು ಹೇಳಿದಾಗ, ಮೂಲೆಯ ಸ್ಟೂಲಿನ ಮೇಲೆ ತಮ್ಮ ಪರವಾಗಿ ಕುಳಿತಿದ್ದ ಅಕ್ಕ ಎದ್ದು ನಿಂತು, "ನಂಜಲ್ವಾ ಡಾಕ್ಟ್ರೇ?" ಎಂದಳು. ಡಾಕ್ಟರರು ಕನ್ನಡಕ ತೆಗೆದು ಒರೆಸಿಕೊಂಡರು. "ಅಕ್ಕಾ, ನಂಜು ನನಗೂ ಗೊತ್ತುಂಟು. ನನ್ನ ಮಮ್ಮಿ ಉದ್ಯಾವರದಲ್ಲಿದ್ದಾರೆ. ನಾನು ಹಲ್ಲು ತೆಗೆಸಿದಾಗ ನನಗೂ ಸಿಗಡಿ ಬಂದ್ ಮಾಡಿದ್ರು. ಪುಸ್ತಕದಲ್ಲಿ ಹುಡುಕಿದೆ, ಆ ಹೆಸರು ಸಿಗಲಿಲ್ಲ. ಆದರೆ ಮಮ್ಮಿ ಎದುರು ಹೇಳಲಿಕ್ಕೆ ಧೈರ್ಯ ಬರಲಿಲ್ಲ" ಎಂದರು. ಇಷ್ಟೊಂದು ಹೊಟ್ಟೆಗಳನ್ನು ಕೊಯ್ದ ಕೈ ತಮ್ಮೆದುರು ಸಿಗಡಿಯ ತಟ್ಟೆಯಿಂದ ಹಿಂದೆ ಸರಿದಿದೆ ಎಂದ ಮೇಲೆ ತಮ್ಮ ಪ್ರಭಾವದ ಬಗ್ಗೆ ಬೇರೆ ಸಾಕ್ಷಿ ಬೇಕಾಗಿಲ್ಲ. ಆಮೇಲೆ ಅವರು ವಿನೋದಾಳ ಕಡೆಗೆ ತಿರುಗಿ ಮೆಲ್ಲಗೆ ಮಾತಾಡಿದರು. "ನಿಮ್ಮದೂ ಇದೇ ಮೈಕಟ್ಟು ಅಮ್ಮ. ಹಾಗಾಗಿ ನಿಮ್ಮ ತಯಾರಿ ಆಪರೇಷನ್‌ಗೆ ಮೊದಲೇ ಆಗಬೇಕು. ಸ್ವಲ್ಪ ನಡೆಯಿರಿ, ಅನ್ನ ಕಡಿಮೆ ಮಾಡಿ, ಮೀನು ಬಿಡಬೇಡಿ, ರಕ್ತದ ಮಾತ್ರೆ ತಪ್ಪಿಸಬೇಡಿ. ಹೆದರಿ ಕೂತ್ರೆ ಗಡ್ಡೆ ಕಾಯುವುದಿಲ್ಲ."

ಇಲ್ಲಿ ತಮ್ಮ ಆಡಳಿತದ ಕುರಿತು ಒಂದೆರಡು ಸಂದೇಹಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಬ್ಯಾಂಡೇಜಿನ ದಿನಗಳಲ್ಲಿ ನನಗೆ ಬಿಡುವು ಇತ್ತು, ಫೋನೂ ಇತ್ತು, ಆದ್ದರಿಂದ ಗಿರಾಕಿಗಳನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿದೆ. ಕಾಪುವಿನಲ್ಲಿ ಬಂಗುಡೆ ನಂಜು, ಬೊಳಂಜೀರು ಮೀನಿಗೆ ಅಡ್ಡಿಯಿಲ್ಲ. ಉದ್ಯಾವರಕ್ಕೆ ಹೋದರೆ ಸಿಗಡಿ ಮಹಾನಂಜು, ಬಂಗುಡೆಗೆ ಮಾಫಿ. ಕಾರ್ಕಳದಲ್ಲಿ ಸಮುದ್ರದ್ದೆಲ್ಲ ನಂಜು, ಹೊಳೆಯದ್ದು ಪರವಾಗಿಲ್ಲ. ಮೀನನ್ನೇ ಮುಟ್ಟದ ಮನೆಗಳು ಅಂಬಲಪಾಡಿಯಲ್ಲಿವೆ, ಅಲ್ಲಿ ತಮಗೆ ಕೆಲಸವಿರಲಾರದು ಎಂದುಕೊಂಡಿದ್ದೆ. ನನ್ನ ಹಳೆಯ ಗಿರಾಕಿ ಸುಭಾಷಿಣಿಯಮ್ಮನವರನ್ನು ಕೇಳಿದರೆ ಅಲ್ಲಿ ತಾವು ಉದ್ದಿನ ದೋಸೆಯ ಮೇಲೂ ಹಲಸಿನ ಹಣ್ಣಿನ ಮೇಲೂ ಕಾವಲು ಕೂತಿದ್ದೀರಂತೆ. ಬಾಣಂತಿಗೆ ಹಾಲು ಬರಲೆಂದು ತಾಟೆ ಮೀನಿನ ಸಾರು ಕೊಡುವಾಗ, ಅದೇ ಸಮುದ್ರದ ಮೀನಾದರೂ, ತಾವು ಆ ಕಡೆ ಮುಖ ತಿರುಗಿಸಿ ನಿಲ್ಲುತ್ತೀರಿ. ಬಸ್ ಸ್ಟಾಪಿಗೊಂದು ಕಾನೂನು ಇರುವ ಇಲಾಖೆ ನನಗೆ ಗೊತ್ತಿರುವ ಮಟ್ಟಿಗೆ ತಮ್ಮದೊಂದೇ. ಇನ್ನೂ ಆಶ್ಚರ್ಯವೆಂದರೆ ಬೆಣ್ಣೆ, ತುಪ್ಪ, ಸಕ್ಕರೆ, ಮೈದಾ, ಗೋಳಿಬಜೆ ಇವುಗಳ ಮೇಲೆ ಕಾಪುವಿನಿಂದ ಕಾರ್ಕಳದವರೆಗೆ ಎಲ್ಲಿಯೂ ತಮ್ಮ ಆಕ್ಷೇಪಣೆ ಇಲ್ಲ. ನನ್ನ ಹೊಟ್ಟೆಯನ್ನು ಇಷ್ಟು ದೊಡ್ಡದು ಮಾಡಿದ ಒಂದು ಪದಾರ್ಥವನ್ನಾದರೂ ತಾವು ನಂಜು ಎಂದು ಸಾರಿದ್ದರೆ ನಾನು ತಮ್ಮ ಭಾವಚಿತ್ರವನ್ನು ಅಂಗಡಿಯಲ್ಲಿ ತೂಗುಹಾಕುತ್ತಿದ್ದೆ.

ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಆಸ್ಪತ್ರೆಯಿಂದ ಬಂದ ಮಾರನೆಯ ಮಧ್ಯಾಹ್ನ ನಮ್ಮ ಮನೆಯಲ್ಲಿ ಬಂಗುಡೆಯ ಹುಳಿಖಾರದ ಸಾರು, ನಮ್ಮ ಪುಳಿಮುಂಚಿ, ಕುದಿಯಿತು. ಮಾಡಿದವಳು ವಿನೋದಾ. ಅನ್ನ ಹಿಡಿಯಷ್ಟು, ಮೀನು ಬಟ್ಟಲು ತುಂಬ ಬಡಿಸಿ, "ತಿನ್ನಿ. ಆದದ್ದು ಆಗಲಿ" ಎಂದು ತಾನೂ ಎದುರಿಗೆ ಕೂತಳು. ಅಕ್ಕ ನಮ್ಮಿಬ್ಬರನ್ನೂ ನೋಡಿದಳು, ಬಟ್ಟಲನ್ನು ನೋಡಿದಳು, ತನ್ನ ಕುರ್ಚಿಯನ್ನು ಎತ್ತಿ ಗೋಡೆಗೆ ಮುಖಮಾಡಿ ಇಟ್ಟುಕೊಂಡು ಕೂತು, "ನಾನು ನೋಡಲಿಲ್ಲ" ಎಂದಳು. ಅಂದಿನಿಂದ ದಿನವೂ ನಮ್ಮ ಊಟ ಹೀಗೆಯೇ ನಡೆಯಿತು. ನಾವು ತಿನ್ನುತ್ತಿದ್ದೆವು, ಅಕ್ಕ ಗೋಡೆಯೊಡನೆ ಮಾತಾಡುತ್ತಿದ್ದಳು. ಬೆಳಗಿನ ಹೊತ್ತು ನಾನೂ ವಿನೋದಾಳೂ ದೀಪಸ್ತಂಭದ ತನಕ ನಡೆಯುತ್ತಿದ್ದೆವು, ಅರ್ಧ ದಾರಿ ಅವಳಿಗಾಗಿ ನಾನು ನಿಲ್ಲುತ್ತಿದ್ದೆ, ಉಳಿದರ್ಧ ನನಗಾಗಿ ಅವಳು. ಗಾಯವನ್ನು ದಿನವೂ ತೊಳೆದು ಒಣಗಿಸುತ್ತಿದ್ದೆವು. ಬಹಳ ನಿಧಾನವಾಗಿ, ಮುನಿಸಿಕೊಂಡ ನೆಂಟರು ಮಾತು ಶುರುಮಾಡುವ ಹಾಗೆ, ಗಾಯದ ಅಂಚುಗಳು ಹತ್ತಿರ ಬಂದವು.

ಗಾಯ ಮುಚ್ಚಿದ ದಿನ ಅಕ್ಕನ ಮುಖದಲ್ಲಿ ಗೆಲುವಿತ್ತು. ನಾನು ಸೋಲು ಒಪ್ಪಿಕೊಳ್ಳುವ ಮುಖವನ್ನು ನಿರೀಕ್ಷಿಸಿದ್ದೆ. ಊಟಕ್ಕೆ ಕೂತಾಗ ಅವಳ ಬಟ್ಟಲಿಗೆ ವಿನೋದಾ ಮೀನು ಹಾಕಲು ಹೋದರೆ ಕೈ ಅಡ್ಡ ಹಿಡಿದಳು. ಆಗ ವಿಷಯ ಹೊರಬಿತ್ತು. ನಾನು ಪಥ್ಯ ಮುರಿದ ದಿನವೇ ಅಕ್ಕ ನನ್ನ ಬದಲಿಗೆ ತಾನು ಪಥ್ಯ ಹಿಡಿದಿದ್ದಳು. ತಮ್ಮನಾದ ನಾನು ತಿನ್ನುವ ಮೀನಿನ ನಂಜು ಅಕ್ಕ ಬಿಟ್ಟ ಮೀನಿನಿಂದ ವಜಾ ಆಗಲಿ ಎಂದು, ಮೀನಿಲ್ಲದೆ ತುತ್ತು ಇಳಿಯದ ಹೆಂಗಸು, ನಾವು ಪುಳಿಮುಂಚಿ ಸುರಿಯುತ್ತಿದ್ದಷ್ಟು ದಿನವೂ ಗೋಡೆಗೆ ಮುಖಮಾಡಿ ಗಂಜಿ ಕುಡಿದಿದ್ದಳು. ನಾವು ಅದನ್ನು ಸಿಟ್ಟು ಎಂದುಕೊಂಡಿದ್ದೆವು. "ಡಾಕ್ಟ್ರದ್ದೂ ಆಯಿತು, ನಂಜಿನದ್ದೂ ಆಯಿತು. ಯಾರಿಗೂ ಬೇಸರ ಇಲ್ಲ ಅಲ್ವಾ?" ಎಂದಳು ಅಕ್ಕ. ಅಕ್ಕ ಮಾತ್ರ ಸಾಕಷ್ಟು ಇಳಿದಿದ್ದಳು, ಅವಳ ರವಿಕೆಗಳನ್ನು ನಾನೇ ಹಿಡಿದು ಚಿಕ್ಕದು ಮಾಡಿಕೊಟ್ಟೆ.

ಇನ್ನು ಪ್ರಾರ್ಥನೆ. ಬರುವ ಸೋಮವಾರ ವಿನೋದಾ ಮಣಿಪಾಲದಲ್ಲಿ ಅಡ್ಮಿಟ್ ಆಗುತ್ತಾಳೆ. ನನ್ನ ಹೊಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಮುಚ್ಚಿದೆ ಎಂದು ಖಾತ್ರಿಮಾಡಿಕೊಂಡು, "ಆಯಿತು, ಹೋಗುವ" ಎಂದಿದ್ದಾಳೆ. ನಡೆದು ನಡೆದು ಸ್ವಲ್ಪ ಹಗುರಾಗಿದ್ದಾಳೆ, ಮುಖಕ್ಕೆ ಸ್ವಲ್ಪ ರಕ್ತ ಬಂದಿದೆ, ಆದರೂ ಅವಳು ನನ್ನ ಅಂಗಡಿಯ ದೊಡ್ಡ ಅಳತೆಯವಳೇ, ಅವಳ ಗಾಯ ನನ್ನದಕ್ಕಿಂತ ಉದ್ದ. ಆದಕಾರಣ ತಾವು ಅಂದಿನಿಂದ ಕೆಲವು ತಿಂಗಳು ದೀರ್ಘ ರಜೆಯಲ್ಲಿ ತೆರಳಬೇಕೆಂದು ಕೋರುತ್ತೇನೆ. ರಜೆ ಸಾಧ್ಯವಿಲ್ಲವೆಂದಾದರೆ ತಮ್ಮನ್ನು ಮೀನಿನಿಂದ ಗೋಳಿಬಜೆಯ ವಿಭಾಗಕ್ಕೆ ವರ್ಗಾಯಿಸಿಕೊಳ್ಳಬೇಕು. ಅದೂ ಆಗದಿದ್ದರೆ ಒಮ್ಮೆ ಮನುಷ್ಯರೂಪದಲ್ಲಿ ಬಂದು ಡಾಕ್ಟರ್ ಹೆರಾಲ್ಡ್ ಅವರ ಜೊತೆಗೆ ಕುಳಿತು, ಯಾವ ಮೀನಿನ ಯಾವ ಮುಳ್ಳಿನಲ್ಲಿ ತಾವು ವಾಸಿಸುತ್ತೀರೆಂದು ತೋರಿಸಿಕೊಡಬೇಕು. ಆ ಮುಳ್ಳನ್ನು ತೆಗೆದುಹಾಕಿ ಉಳಿದದ್ದನ್ನು ಅವಳಿಗೆ ಬಡಿಸುತ್ತೇನೆ.

ಇಷ್ಟು ಬರೆದು ಪತ್ರ ಮುಗಿಸುವವನಿದ್ದೆ. ನಿನ್ನೆ ಅಕ್ಕ ಕಾರ್ಕಳದಿಂದ ಫೋನು ಮಾಡಿದಳು. ಅವಳಿಗೆ ಜ್ವರ, ಸೋಮವಾರಕ್ಕೆ ಬರಲಾಗುವುದಿಲ್ಲ, ಅಲ್ಲಿಯ ಡಾಕ್ಟರರು ಗಂಜಿ ಬಿಟ್ಟು ಸರಿಯಾಗಿ ಊಟ ಮಾಡಲು ಹೇಳಿದ್ದಾರೆ. "ಈ ಸಲ ಪಥ್ಯ ಹಿಡಿಯುವುದು ನನ್ನಿಂದ ಆಗುವುದಿಲ್ಲ ದೇವು" ಎಂದು ಅತ್ತಳು. ಅಳಬೇಡ ಅಕ್ಕ, ಅದೆಲ್ಲ ಸುಳ್ಳು, ಮೀನಿಗೂ ಗಾಯಕ್ಕೂ ಸಂಬಂಧವಿಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ನನಗೆ ಹೆದರಿಕೆ, ಮಾನ್ಯರೇ. ನನ್ನ ಹೊಟ್ಟೆ ಕೊಯ್ಯುವಾಗ ಇರದ ಹೆದರಿಕೆ. ಡಾಕ್ಟರರ ಮಾತಿನಲ್ಲಿ ನನಗೆ ಪೂರ್ತಿ ನಂಬಿಕೆಯಿದೆ, ತಮ್ಮಲ್ಲಿ ಇಷ್ಟೂ ಇಲ್ಲ. ಆದರೂ ಇಂದು ಮಧ್ಯಾಹ್ನ ವಿನೋದಾ ಬಂಗುಡೆ ಬಡಿಸಲು ಬಂದಾಗ, ಹೊಟ್ಟೆ ತುಂಬಿದೆ, ನೀನು ತಿನ್ನು ಎಂದೆ. ಇನ್ನು ಅವಳ ಗಾಯ ಒಣಗುವ ತನಕ ನಾನು ಮೀನು ಮುಟ್ಟುವುದಿಲ್ಲ. ಡಾಕ್ಟರರು ಹೇಳಿದ ಗೋಡೆಯ ಕಲ್ಲಿಗೆ ನನಗೆ ಮೊಟ್ಟೆ, ಬೇಳೆ ಸಾಕು. ತಮಗೆ ಬರಬೇಕಾದದ್ದು ಏನಾದರೂ ಇದ್ದರೆ ಅದನ್ನು ನನ್ನಿಂದ ತೆಗೆದುಕೊಳ್ಳಿ, ಅವಳ ಹತ್ತಿರ ಹೋಗಬೇಡಿ.

ಇಷ್ಟು ದೂರಿದ ಮೇಲೂ, ತನಗೇ ನಾಚಿಕೆಯಾಗುವ ಹಾಗೆ, ತಮ್ಮ ವಿಶ್ವಾಸಿ,
ದೇವದಾಸ, ಟೈಲರ್,
ಕಾಪು

ತಾ.ಕ.: ಈ ಒಪ್ಪಂದ ವಿನೋದಾಳಿಗೆ ತಿಳಿಯಬಾರದು. ನಾನು ಕೊನೆಗೂ ತೂಕ ಇಳಿಸಲು ಮನಸ್ಸು ಮಾಡಿದ್ದೇನೆಂದು ಅವಳು ಹೆಮ್ಮೆಯಿಂದ ನೆರೆಮನೆಯವರಿಗೆ ಹೇಳುವುದು ಕೇಳಿಸಿತು. ಅವಳ ಗಾಯ ಒಣಗಿದರೆ ಅದರ ಕೀರ್ತಿ ಡಾಕ್ಟರರಿಗೆ, ಅವಳು ತಿಂದ ಮೀನಿಗೆ, ಅವಳು ನಡೆದ ದಾರಿಗೆ ಸಲ್ಲುತ್ತದೆ, ತಮಗೆ ಒಂದು ಮಾತೂ ಸಿಗುವುದಿಲ್ಲ. ಅದರಲ್ಲಿ ತಮಗೇನಾದರೂ ಆಕ್ಷೇಪಣೆಯಿದ್ದರೆ ಹೆಸರು, ವಿಳಾಸ, ಸಹಿ ಹಾಕಿ ಲಿಖಿತವಾಗಿ ತಿಳಿಸತಕ್ಕದ್ದು.